ಅಪ್‌ಡೇಟ್: ಪಿಕಪ್‌ಗೆ ಸೂಪರ್‌ಚಾರ್ಜರ್ ಹಾಕಿಸಲಿಲ್ಲ

ಅಡಿಕೆ ಮೂಟೆ ಹೇರಿಕೊಂಡು ಮುಳ್ಳೇರಿಯದ ಕಡೆಯ ಏರು ರಸ್ತೆಯಲ್ಲಿ ಎಳೆಯದೆ ಕಪ್ಪು ಹೊಗೆ ಉಗುಳುತ್ತಿದ್ದ ನನ್ನ ಡೀಸೆಲ್ ಪಿಕಪ್‌ಗೆ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ) ಹಾಕಿಸಬಹುದೇ ಎಂದು ಕೇಳಿದ್ದೆ. ಈಗ ಅದರ ಅಗತ್ಯವೇ ಉಳಿದಿಲ್ಲ. ಏರ್ ಫಿಲ್ಟರ್ ಬದಲಿಸಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಗಾಡಿಯಲ್ಲಿ ಈಗಾಗಲೇ ಇರುವ, ಇದೇ ಗಾಳಿ ತುಂಬುವ ಕೆಲಸದ ಟರ್ಬೊದಿಂದ ಆ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್‌ಗೆ ಹೋಗುವ ಹೋಸನ್ನು ಮೊದಲು ನೋಡಿಸಿ ಎಂದವರ ಸಲಹೆಯೇ ಫಲಿಸಿತು: ಬದಿಯಡ್ಕದ ಮೆಕ್ಯಾನಿಕ್ ಅದನ್ನು ಬಿಚ್ಚಿ ಬಗ್ಗಿಸಿದಾಗ, ಕ್ಲಾಂಪಿನ ಅಡಿಯಲ್ಲಿ ಉಗುರು ತೂರುವಷ್ಟು ಸೀಳೂ ಅದರ ಸುತ್ತ ಎಣ್ಣೆಯ ಜಿಡ್ಡೂ ಕಂಡವು. ಹೊಸ ಹೋಸ್ ಹಾಕಿದ ಮೇಲೆ ಹೊಗೆ ನಿಂತಿದೆ, ಗಾಡಿ ಏರನ್ನು ಸಲೀಸಾಗಿ ಹತ್ತುತ್ತಿದೆ. ಟರ್ಬೊ ಹೊರಹೋಗುವ ಹೊಗೆಯಿಂದ ತಿರುಗಿದರೆ ಸೂಪರ್‌ಚಾರ್ಜರ್ ಸಾಮಾನ್ಯವಾಗಿ ಬೆಲ್ಟ್ ಮೂಲಕ ಎಂಜಿನ್ನಿನ ಬಲವನ್ನೇ ತಿನ್ನುತ್ತದೆ ಎಂಬುದು ನನಗೆ ಹೊಸ ವಿಷಯ. ಅಲ್ಲದೆ, ಆರ್‌ಸಿಯಲ್ಲಿರುವ (ನೋಂದಣಿ ಪತ್ರದಲ್ಲಿರುವ) ವಿವರಗಳು ತಯಾರಕರು ನೀಡಿದ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ.