ಒಂಬತ್ತರ ನಂತರ ಹಕ್ಕಿ ಫೋಟೊ ಎಲ್ಲಾ ಸಾಫ್ಟ್ (ಮಸುಕು) ಬರ್ತಾವ, ಲೆನ್ಸ್ ಕೆಟ್ಟದೇನ್ರಿ?

ಪ್ರಶ್ನೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ್ರಿ. 24 ಮೆಗಾಪಿಕ್ಸೆಲ್ ಕ್ರಾಪ್ (ಸಣ್ಣ) ಸೆನ್ಸರ್ ಡಿಎಸ್ಎಲ್ಆರ್ ಕ್ಯಾಮೆರಾ, 150-600 ಎಂಎಂ ಲೆನ್ಸ್. ಜೇವರ್ಗಿ ರಸ್ತೆ ಕಡೆ ಹೆಸರುಕಾಳು ರಾಶಿ ಆದ ಎರಿ (ಕಪ್ಪು ಮಣ್ಣಿನ) ಹೊಲದಾಗ ಸಿಪಿಲೆಗಳು (ಬಾಲ ಕುಣಿಸೋ ಸಣ್ಣ ಹಕ್ಕಿ) ಬಂದಾವ. ಮುಂಜಾನೆ 7ಕ್ಕ ತೆಗೆದ ಫೋಟೊದಾಗ ಒಂದೊಂದು ಗರಿ ಎಣಿಸಬಹುದು. 9:30ಕ್ಕ ಅದೇ ಹೊಲ, ಅದೇ ಸೆಟ್ಟಿಂಗ್: 600 ಎಂಎಂ, ಎಫ್/6.3, ಷಟರ್ 1/2000 ಸೆಕೆಂಡ್, ಐಎಸ್ಒ 500. ಎಸಿ ಹಾಕಿದ ಕಾರಿನ ಕಿಟಕಿಯಿಂದ, ಸುಮಾರು 45 ಮೀಟರ್ ದೂರ. ಹಕ್ಕಿ ನೀರೊಳಗ ಕುಂತಂಗ ಕಾಣಸ್ತದ. 1/4000 ಮಾಡಿದ್ರೂ ಅಷ್ಟೇ. ಸರ್ವಿಸಿಗೆ ಕಳಸಬೇಕಾ?

ಉತ್ತರ (ಬೀದರ್)

ಕಳಿಸಬೇಡ್ರಿ. ಏಳಕ್ಕೆ ಗರಿ ತೋರಿಸಿದ ಲೆನ್ಸ್ ಒಂಬತ್ತೂವರೆಗೆ ಕೆಡೋದಿಲ್ಲ. ಇದು ಝಳ. ಡಾಂಬರು ರಸ್ತೆ ಮೇಲೆ ಬಿಸಿಲ್ಗುದುರೆ ಕಾಣಿಸುತ್ತದಲ್ಲ, ಅದೇ ಕಾರಣ. ನೆಲ ಕಾದಾಗ ಬಿಸಿ ಗಾಳಿ, ತಣ್ಣನೆ ಗಾಳಿ ಬೆರೆತು ಮೇಲೇಳುತ್ತವೆ. ಅದರೊಳಗಿಂದ ಬರುವ ಬೆಳಕು ಹಾದಿಯುದ್ದಕ್ಕೂ ಅಷ್ಟಿಷ್ಟು ಬಾಗುತ್ತದೆ. ಷಟರ್ ವೇಗ ಹೆಚ್ಚಿಸಿದರೆ ಹಕ್ಕಿಯ ಅಲುಗಾಟ ನಿಲ್ಲುತ್ತದೆ, ಬಾಗಿದ ಬೆಳಕು ನೆಟ್ಟಗಾಗೋದಿಲ್ಲ. ಫೋಕಸ್ ಕೂಡ ಅಂಚು ಸಿಗದೆ ಹಿಂದೆ ಮುಂದೆ ತಡಕಾಡುತ್ತದೆ.

ಹೆಸರು, ಉದ್ದು ತೆಗೆದು ಹಿಂಗಾರಿ ಜೋಳಕ್ಕೆ ಬಿಟ್ಟ ಎರಿ ನೆಲ ಈ ದಿನಗಳಲ್ಲಿ ಬಯಲಾಗಿರುತ್ತದೆ. ಕಪ್ಪು ಮಣ್ಣು, ಮೇಲ್ಪದರ ಒಣಗಿದೆ ಅಂದ್ರೆ ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೇ ಕಾಯುತ್ತದೆ. ಪಕ್ಕದಲ್ಲೇ ಹಸಿರು ತೊಗರಿ ನಿಂತಿದ್ದರೆ ಅದರ ಮೇಲೆ ಝಳ ಕಡಿಮೆ, ಎಲೆಗಳು ನೀರು ಬಿಟ್ಟು ತಂಪಾಗಿರುತ್ತವೆ. ಹಂಗಾಗಿ ಒಂಬತ್ತರ ನಂತರ ನಿಮಗೂ ಹಕ್ಕಿಗೂ ನಡುವೆ ತೊಗರಿ ಬರುವಂಥ ಜಾಗ ಹುಡುಕಿರಿ.

ಖಾತ್ರಿ ಮಾಡಿಕೊಳ್ಳೋದು ಸುಲಭ. ಲೈವ್ ವ್ಯೂ (ದೃಶ್ಯ ಹಿಂದಿನ ಪರದೆಯಲ್ಲೇ ಕಾಣೋದು) ಹಾಕಿ, ದೂರದ ಬೇಲಿ ಕಂಬದ ಮೇಲೆ ಫೋಕಸ್ ಮಾಡಿ, ಪರದೆಯಲ್ಲಿ 10 ಪಟ್ಟು ಹಿಗ್ಗಿಸಿ ನೋಡ್ರಿ. ಕಂಬದ ಅಂಚು ಹೊಗೆಯೊಳಗಿನ ಹಗ್ಗದಂಗೆ ನುಲಿಯುತ್ತಿದ್ದರೆ ಅದು ಝಳವೇ. ಅಂಚು ಸ್ಥಿರವಾಗಿದ್ದೂ ಫೋಟೊ ಸಾಫ್ಟ್ ಬಂದರೆ ಆಗ ಲೆನ್ಸ್ ಮೇಲೆ ಅನುಮಾನ ಪಡ್ರಿ.

ಮದ್ದು ಒಂದೇ, ದೂರ ಕಡಿಮೆ ಮಾಡೋದು. ನಿಮ್ಮ ಕ್ಯಾಮೆರಾದಲ್ಲಿ 600 ಎಂಎಂ ಇಟ್ಟು 45 ಮೀಟರ್‌ನಲ್ಲಿ ಚೌಕಟ್ಟಿನ ಅಗಲ ಸುಮಾರು 1.75 ಮೀಟರ್. 18 ಸೆಂ.ಮೀ. ಉದ್ದದ ಸಿಪಿಲೆಗೆ ಸಿಗೋದು 600 ಪಿಕ್ಸೆಲ್ ಚಿಲ್ಲರೆ. ಅದೇ 15 ಮೀಟರ್‌ಗೆ ಬಂದರೆ 1800 ಪಿಕ್ಸೆಲ್, ನಡುವಿನ ಗಾಳಿ ಮೂರನೇ ಒಂದು ಪಾಲು. ಹಕ್ಕಿಯ ಹಿಂದೆ ಓಡಬೇಡ್ರಿ, ಹಾರಿಹೋಗುತ್ತದೆ. ಸಿಪಿಲೆ ಹೊಲದಲ್ಲಿ ಹುಳ ಹೆಕ್ಕುತ್ತಾ ನಡೆದುಕೊಂಡೇ ಬರುತ್ತದೆ, ಅದು ಬರುವ ದಿಕ್ಕಿನ ಬದುವಿನ ಹತ್ತಿರ ಮೊದಲೇ ಕೂತು ಕಾಯ್ರಿ.

ಇನ್ನೊಂದು ಮಾತು. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಮಲಗಿ ತೆಗೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಅದು 8 ಗಂಟೆವರೆಗೆ ಸರಿ. ಆಮೇಲೆ ಝಳ ದಟ್ಟವಾಗಿರೋದೇ ನೆಲದ ಹತ್ತಿರದ ಒಂದೆರಡು ಅಡಿಯಲ್ಲಿ, ಮಲಗಿದರೆ ಪೂರ್ತಿ ಅದರೊಳಗಿಂದಲೇ ನೋಡಿದಂತೆ. ಎದ್ದು ಬದುವಿನ ಮೇಲೆ ನಿಂತು ತೆಗೆದರೆ ಸ್ವಲ್ಪ ವಾಸಿ. ಮೋಡ ಅಡ್ಡ ಬಂದರೆ ಮೂರ್ನಾಲ್ಕು ನಿಮಿಷ ತಡೆದು ಒತ್ತಿರಿ, ಅಷ್ಟರಲ್ಲಿ ಝಳ ಇಳಿದಿರುತ್ತದೆ.

ಉತ್ತರ (ಯಾದಗಿರಿ)

ಎಸಿ ಅಂದ್ರಲ್ಲ ಸರ್, ಅರ್ಧ ತಪ್ಪು ಅಲ್ಲೇ ಅದ. ಕಿಟಕಿಯಿಂದ ತಣ್ಣನೆ ಗಾಳಿ ಹೊರಗ ಬಿದ್ದು ಬಿಸಿ ಗಾಳಿ ಕೂಡಿದ್ರ ಲೆನ್ಸ್ ಮೂತಿ ಮುಂದೇ ಝಳ ಹುಟ್ಟತದ. ಜಾಗ ಮುಟ್ಟೋ 15 ನಿಮಿಷ ಮೊದಲೇ ಎಸಿ ಬಂದ್ ಮಾಡಿ ನಾಲ್ಕೂ ಗಾಜು ಇಳಸ್ರಿ. ನಿಂತ ಮ್ಯಾಲೆ ಎಂಜಿನ್ ಆಫ್. ಬಾನೆಟ್ ಮ್ಯಾಲಿಂದ ಹಾದು ನೋಡಬ್ಯಾಡ್ರಿ, ಅದೂ ಕಾದಿರತದ. ಲೆನ್ಸ್ ಮುಂದಿನ, ಬಿಸಿಲು ತಡೆಯೋ ಉದ್ದನೆ ಹುಡ್‌ದಾಗೂ ಗಾಳಿ ಸಿಕ್ಕೊಂಡು ಇದೇ ತೊಂದ್ರಿ ಕೊಡತದ, ಮೊದಲ ಹತ್ತು ನಿಮಿಷ ಬಿಚ್ಚಿಡ್ರಿ. ಮುಂದ ಅಗ್ಗದ ಯುವಿ ಫಿಲ್ಟರ್ ಇದ್ರ ಅದನ್ನೂ ತೆಗೀರಿ.

ಕಿಟಕಿ ಮ್ಯಾಲೆ ಲೆನ್ಸ್ ಇಡಲಿಕ್ಕೆ ಹಳೇ ಜೀನ್ಸ್ ಪ್ಯಾಂಟಿನ ಕಾಲು 40 ಸೆಂ.ಮೀ. ಕತ್ತರಿಸಿ, ಒಂದು ಬಾಯಿ ಹೊಲಿದು, ಎರಡು ಕೆಜಿ ಜೋಳ ಹಾಕಿ ಇನ್ನೊಂದು ಬಾಯಿ ಹೊಲಿರಿ. ಮುಕ್ಕಾಲು ಭಾಗ ತುಂಬಿದ್ರ ಸಾಕು, ಬಿರಸ ತುಂಬಿದ್ರ ಲೆನ್ಸ್ ಕೂಡಂಗಿಲ್ಲ, ಉರುಳತದ. ಮಳಿಗೆ ತೊಯ್ದ್ರ ಬಿಚ್ಚಿ ಕಾಳು ಒಣಗಸ್ರಿ, ಇಲ್ಲಾಂದ್ರ ಮೊಳಕಿ ಬರತದ.

ಪ್ರಶ್ನೆ ಕೇಳಿದವರು

ಕಂಬದ ಅಂಚು ನೀವಂದಂಗ ನುಲೀಲಿಕತ್ತಿತ್ತು. ಎಸಿ ಬಂದ್ ಮಾಡಿ 20 ಮೀಟರ್‌ನಿಂದ ತೆಗೆದದ್ದು ಚಲೋ ಬಂದಾವ. ಇನ್ನೆರಡು ಕೇಳ್ತೀನ್ರಿ. ಕಾರಂಜಾ ಹಿನ್ನೀರಿಗೆ ಹೋದ್ರ 6:15ಕ್ಕ ಲೆನ್ಸ್ ಗಾಜಿನ ಮ್ಯಾಲೆ ಮಂಜು ಕೂಡತದ, ಬೆಳ್ಳಕ್ಕಿ ಮೈ ಬರೇ ಬಿಳಿ ಕಾಗದದಂಗ ಬರತದ. ಮತ್ತ ದಸರಾಕ್ಕ ನೀಲಕಂಠ ಹಾರೋದು ತೆಗೀಬೇಕು.

ಉತ್ತರ (ಬೀದರ್)

ಮಂಜು: ಎಸಿ ಕೋಣೆಯಲ್ಲಿ ತಣ್ಣಗಾದ ಗಾಜಿಗೆ ಹೊರಗಿನ ತೇವದ ಗಾಳಿ ತಾಗಿದ್ದಕ್ಕೆ ಹೀಗಾಗೋದು. ರಾತ್ರಿ ಎಸಿ ಇಲ್ಲದ ಕೋಣೆಯಲ್ಲಿ ಬ್ಯಾಗ್ ಇಡ್ರಿ. ಕೂತೇಬಿಟ್ಟಿದ್ದರೆ ಅಂಗಿಯಿಂದ ಒರೆಸಬೇಡ್ರಿ, ಅರ್ಧ ಗಂಟೆ ಬಿಟ್ಟರೆ ತಾನೇ ಹೋಗುತ್ತದೆ. ಅಷ್ಟು ಹೊತ್ತು ಲೆನ್ಸ್ ಬಿಚ್ಚಲೂ ಬಾರದು, ಸೆನ್ಸರ್ ಮೇಲೂ ತೇವ ಕೂಡುತ್ತದೆ.

ಬೆಳ್ಳಕ್ಕಿ: ಹಿಂದಿನ ಕಪ್ಪು ಕೆಸರು ನೋಡಿ ಕ್ಯಾಮೆರಾ ಬೆಳಕು ಹೆಚ್ಚಿಸುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ಅಳೆದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 1 ಇಟ್ಟು ಶುರುಮಾಡ್ರಿ. ಪರದೆಯಲ್ಲಿ ಹಕ್ಕಿಯ ಬೆನ್ನಿನ ಮೇಲೆ ಹೈಲೈಟ್ ಎಚ್ಚರಿಕೆ (ಬಿಳುಪು ಅತಿಯಾಯಿತೆಂಬ ಗುರುತು) ಮಿಣುಕಿದರೆ ಇನ್ನೂ ಮೂರನೇ ಒಂದು ಸ್ಟಾಪ್ (ಬೆಳಕಿನ ಅಳತೆ) ಇಳಿಸಿರಿ. ರಾ ಫೈಲಲ್ಲೂ (ಕ್ಯಾಮೆರಾ ತಿದ್ದದೆ ಉಳಿಸಿದ ಮೂಲ ಫೈಲ್) ಪೂರ್ತಿ ಸುಟ್ಟ ಬಿಳುಪು ವಾಪಸ್ ಬರೋದಿಲ್ಲ.

ನೀಲಕಂಠ: ಕರೆಂಟ್ ತಂತಿ ಮೇಲೆ, ಬಿಳಿ ಮೋಡದ ಮುಂದೆ ಕೂತಿದ್ದರೆ ಲೆಕ್ಕ ಉಲ್ಟಾ, ಪ್ಲಸ್ 1. ರೆಕ್ಕೆಯ ನೀಲಿ ಪೂರ್ತಿ ಕಾಣೋದು ಬಿಚ್ಚಿದಾಗ ಮಾತ್ರ, ಅದಕ್ಕೆ ಷಟರ್ 1/2500 ಬೇಕು. ಮುಂದಕ್ಕೆ ಬಾಗಿ ಹಿಕ್ಕೆ ಹಾಕಿತೆಂದರೆ ಬಹಳ ಸಲ ಹಾರುವ ಸೂಚನೆ, ಆಗಲೇ ಒತ್ತಲು ಶುರುಮಾಡ್ರಿ. ಹಕ್ಕಿ ಸಾಮಾನ್ಯವಾಗಿ ಗಾಳಿಗೆದುರಾಗಿ ಹಾರುತ್ತದೆ. ಸೆಪ್ಟೆಂಬರ್‌ನಲ್ಲಿ ನಮ್ಮ ಕಡೆ ಗಾಳಿ ಇನ್ನೂ ಪಡುವಣದಿಂದ ಬೀಸುತ್ತಿರುತ್ತದೆ. ಮುಂಜಾನೆ ಸೂರ್ಯನಿಗೆ ಬೆನ್ನು ಹಾಕಿ ನಿಂತರೆ ಅದು ನಿಮಗೆ ಬಾಲ ತೋರಿಸಿ ಹೋಗುತ್ತದೆ. ಅದಕ್ಕೆ ತಂತಿಗೆ ಓರೆಯಾಗಿ, ತೆಂಕಣ ಪಕ್ಕಕ್ಕೆ ಸರಿದು ನಿಂತು ಪಕ್ಕದ ನೋಟ ಹಿಡೀರಿ. ಅಕ್ಟೋಬರ್‌ನಲ್ಲಿ ಗಾಳಿ ಮೂಡಣದಿಂದ ಬೀಸತೊಡಗಿದ ಮೇಲೆ ಬೆಳಕೂ ಗಾಳಿಯೂ ನಿಮ್ಮ ಬೆನ್ನಿಗೇ ಬರುತ್ತವೆ, ಹಕ್ಕಿ ಎದುರಿಗೇ ಹಾರಿಬರುತ್ತದೆ.