ಸಹಾಯ ಬೇಕು: 23 ಮಕ್ಕಳ ಸರ್ಕಾರಿ ಶಾಲೆಗೆ ಮಗಳನ್ನು ಸೇರಿಸಬಹುದಾ?

ಅಕ್ಕ, ಅಣ್ಣಂದಿರಿಗೆ ನಮಸ್ಕಾರ. ನಮ್ಮದು ಗಂಗಾವತಿ ಹತ್ತಿರದ ಒಂದು ಕ್ಯಾಂಪ್. ಮಗಳಿಗೆ 6 ತುಂಬಿದೆ, ಒಂದನೇ ಕ್ಲಾಸಿಗೆ ಸೇರಿಸಬೇಕು. ಊರಲ್ಲೇ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಇದೆ. ಐದನೇ ತರಗತಿವರೆಗೆ ಒಟ್ಟು 23 ಮಕ್ಕಳು, ಇಬ್ಬರು ಟೀಚರ್.

ಎರಡು ಸಲ ಹೋಗಿ ಕೂತು ನೋಡಿದೆ. ನಲಿಕಲಿ (ಆಟ, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ಕೋಣೆಯಲ್ಲಿ 1ರಿಂದ 3ನೇ ತರಗತಿಯವರು ಒಟ್ಟಿಗೆ ಕೂರುತ್ತಾರೆ. ಮೂರನೇ ತರಗತಿ ಹುಡುಗಿಯೊಬ್ಬಳು ಚಿಕ್ಕವನ ಕೈ ಹಿಡಿದು ಸ್ಲೇಟಿನ ಮೇಲೆ 'ರ' ತಿದ್ದಿಸುತ್ತಿದ್ದಳು. ಅದನ್ನು ನೋಡಿ ತುಂಬಾ ಖುಷಿಯಾಯಿತು. ಬಿಸಿಯೂಟವೂ ಚೆನ್ನಾಗಿತ್ತು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರನ್ನು ಕೇಳಿದರೆ 'ಸುಮ್ನೆ ಸೇರಿಸಿ' ಅಂದರು, ಅಷ್ಟೇ.

ಆದರೆ ಎರಡನೇ ಸಲ ಹೋದಾಗ ಒಬ್ಬ ಟೀಚರ್ ತರಬೇತಿಗೆ ಹೋಗಿದ್ದರು. ಐದೂ ತರಗತಿ ಒಬ್ಬರ ಮೇಲೇ ಬಿದ್ದಿತ್ತು. ಅಲ್ಲೇ ಮನಸ್ಸು ಹಿಂಜರಿಯುತ್ತಿದೆ.

ಇಂಥ ಚಿಕ್ಕ ಶಾಲೆಗೆ ಮಕ್ಕಳನ್ನು ಕಳಿಸಿದವರು ಹೇಳಿ: ಮೂರನೇ ತರಗತಿ ಮುಗಿಯುವಷ್ಟರಲ್ಲಿ ಮಕ್ಕಳು ಸರಾಗವಾಗಿ ಓದುತ್ತಾರಾ? ಸೇರಿಸುವ ಮೊದಲು ಶಾಲೆಯಲ್ಲಿ ಇನ್ನೇನು ನೋಡಬೇಕು?