ಮಾರುವವರು ಎಂ22 ಅಂತಾರೆ, ನಂಬಬಹುದಾ? ಮನ್ಸಿ ಗೇರ್‌ಬಾಕ್ಸ್ ಗುರುತಿಸುವುದು ಹೇಗೆ

ಪ್ರಶ್ನೆ: ನಮಸ್ಕಾರ ಸರ್. ನಾನಿರೋದು ಓಹಾಯೊದಲ್ಲಿ. ನನ್ನ ಹತ್ತಿರ 1969ರ ಶೆವ್ರೊಲೆ ಶೆವೆಲ್ ಕಾರು ಇದೆ. 350 ಕ್ಯೂಬಿಕ್ ಇಂಚಿನ ಎಂಜಿನ್, ಹಿಂದಿನ ಆಕ್ಸಲಿನ ಅನುಪಾತ 3.31, ಈಗ ಇರುವುದು ಆಟೊಮ್ಯಾಟಿಕ್. ಅದನ್ನು ತೆಗೆದು ನಾಲ್ಕು ಗೇರಿನ ಮ್ಯಾನುಯಲ್ ಹಾಕಿಸಬೇಕು ಅಂತ ಆಸೆ. ಪಕ್ಕದ ಊರಲ್ಲಿ ಒಬ್ಬರು ಜನರಲ್ ಮೋಟಾರ್ಸ್‌ನ ಮನ್ಸಿ ಗೇರ್‌ಬಾಕ್ಸ್ ಮಾರುತ್ತಿದ್ದಾರೆ. ಅದರಲ್ಲಿ ಎಂ20, ಎಂ21, ಎಂ22 ಅಂತ ಮೂರು ಬಗೆ ಇವೆಯಂತೆ. "ಇದು ಎಂ22, ರಾಕ್ ಕ್ರಷರ್" ಅಂತ ಹೇಳಿ ಜಾಸ್ತಿ ರೇಟು ಕೇಳ್ತಿದ್ದಾರೆ. ಕೇಸ್ ಮೇಲೆ 3925661 ಅನ್ನುವ ಎರಕದ ನಂಬರ್ ಇದೆ. ಇನ್ನೊಂದು ಜಾಗದಲ್ಲಿ ಪಿ9ಡಿ08ಬಿ ಅಂತ ಪಂಚ್ ಮಾಡಿದ್ದಾರೆ. ಇದು ನಿಜವಾಗಿ ಎಂ22 ಹೌದಾ?

ಉತ್ತರ: ನಮಸ್ಕಾರ. ಪಂಚ್ ಮಾಡಿದ ನಂಬರೇ ಅಲ್ಲ ಅಂತಿದೆ ನೋಡಿ. ಪಿ ಅಂದರೆ ಇಂಡಿಯಾನಾದ ಮನ್ಸಿ ಊರಿನ ಕಾರ್ಖಾನೆ. 9 ಅಂದರೆ 1969. ಡಿ ಅಂದರೆ ಏಪ್ರಿಲ್, 08 ತಾರೀಖು. ಕೊನೆಯ ಅಕ್ಷರವೇ ಮುಖ್ಯ. ಎ ಇದ್ದರೆ ಎಂ20, ಬಿ ಇದ್ದರೆ ಎಂ21, ಸಿ ಇದ್ದರೆ ಎಂ22. ನಿಮ್ಮದು ಬಿ. ಅಂದರೆ ಕಾರ್ಖಾನೆಯಿಂದ ಹೊರಬಿದ್ದಾಗ ಅದು ಎಂ21.

ತಿಂಗಳ ಅಕ್ಷರಗಳಲ್ಲಿ ಒಂದು ತಮಾಷೆ ಇದೆ. ಎ ಇಂದ ಇ ತನಕ ಜನವರಿಯಿಂದ ಮೇ ಸರಿಯಾಗಿ ಬರುತ್ತದೆ. ಆಮೇಲೆ ಜೂನ್‌ಗೆ ಎಚ್, ಜುಲೈಗೆ ಕೆ, ಆಗಸ್ಟ್‌ಗೆ ಎಂ, ಹೀಗೆ ನೆಗೆದುಕೊಂಡು ಹೋಗುತ್ತದೆ. ಗೊತ್ತಿಲ್ಲದವರು ಬೆರಳು ಎಣಿಸಿ ಎಚ್ ಅಂದರೆ ಆಗಸ್ಟ್ ಅಂತ ವಾದ ಮಾಡ್ತಾರೆ.

3925661 ಕೇಸ್ 1969ರಿಂದ 1974ರ ತನಕ ಬಂದಿದೆ. ತಾರೀಖಿಗೆ ಹೊಂದುತ್ತದೆ, ಅಷ್ಟೇ. ಎಂ20, ಎಂ21, ಎಂ22 ಮೂರೂ ಇದೇ ಕೇಸಿನಲ್ಲಿ ಬಂದಿವೆ. ಹಾಗಾಗಿ ಎರಕದ ನಂಬರ್ ತೋರಿಸಿ ಎಂ22 ಅನ್ನುವವರ ಮಾತಿಗೆ ಬೆಲೆ ಕೊಡಬೇಡಿ.

ಆದರೆ ಇದು 50 ವರ್ಷ ದಾಟಿದ ಮಾಲು. ಎಷ್ಟು ಜನ ಬಿಚ್ಚಿದ್ದಾರೋ, ಒಳಗೆ ಯಾರು ಏನು ಹಾಕಿದ್ದಾರೋ! ಪಂಚ್ ನಂಬರ್ ಹೇಳೋದು 1969ರ ಕಥೆ. ಈಗಿನದು ತಿಳಿಯಬೇಕಾದರೆ ಒಳಗಿನ ಗೇರನ್ನೇ ನೋಡಬೇಕು. ಗೇರ್‌ಬಾಕ್ಸ್ ಕಾರಿನಿಂದ ಹೊರಗೇ ಇದೆಯಾ?

ಪ್ರಶ್ನೆ: ಹೌದು ಸರ್, ಅವರ ಗ್ಯಾರೇಜಿನಲ್ಲಿ ಬೆಂಚ್ ಮೇಲೆ ಇದೆ. ಶಿಫ್ಟರ್ ಇಲ್ಲ. ಬಿಚ್ಚೋಕೆ ಒಪ್ತಾರೋ ಇಲ್ಲವೋ ಗೊತ್ತಿಲ್ಲ.

ಉತ್ತರ: ಮೊದಲು ಬಿಚ್ಚೋದು ಬೇಡ. ಸೀಮೆಸುಣ್ಣ ಒಂದು ತಗೊಂಡು ಹೋಗಿ.

ಪಕ್ಕದ ಕವರಿನ ಮೇಲೆ ಎರಡು ಲಿವರ್ ಇರುತ್ತವೆ. ಮುಂದಿನದು 3 ಮತ್ತು 4ಕ್ಕೆ, ಹಿಂದಿನದು 1 ಮತ್ತು 2ಕ್ಕೆ. ಹಿಂದಿನ ಲಿವರನ್ನು ಒಂದು ಕಡೆಗೆ ತಳ್ಳಿ, ಗೇರ್ ಬಿತ್ತಾ ನೋಡಿ. ಇನ್ನೊಂದು ಕಡೆಗೂ ತಳ್ಳಿ ನೋಡಿ. ಮುಂದಿನ ಶಾಫ್ಟ್ (ಎಂಜಿನ್ ಕಡೆಯದು) ತಿರುಗಿಸಿದಾಗ, ಹಿಂದಿನ ಶಾಫ್ಟ್ (ಚಕ್ರದ ಕಡೆಯದು) ಈ ಎರಡು ಕಡೆಗಳಲ್ಲಿ ಯಾವುದರಲ್ಲಿ ನಿಧಾನವಾಗಿ ತಿರುಗುತ್ತದೋ ಅದೇ ಫಸ್ಟ್ ಗೇರ್. ಈಗ ಎರಡೂ ಶಾಫ್ಟ್‌ಗೆ ಸುಣ್ಣದ ಗುರುತು ಹಾಕಿ, ಮುಂದಿನದನ್ನು ಕೈಯಲ್ಲಿ ತಿರುಗಿಸಿ. ಹಿಂದಿನದು 10 ಸುತ್ತು ಬರುವಷ್ಟರಲ್ಲಿ ಮುಂದಿನದು ಎಷ್ಟು ಸುತ್ತು ಬಂತು ಅಂತ ಎಣಿಸಿ. ಎಂ21 ಮತ್ತು ಎಂ22ರ ಫಸ್ಟ್ ಗೇರ್ 2.20, ಹಾಗಾಗಿ 22 ಸುತ್ತು. 1966ರ ನಂತರದ ಎಂ20ರಲ್ಲಿ 2.52, ಅಂದರೆ 25ಕ್ಕಿಂತ ಒಂಚೂರು ಜಾಸ್ತಿ. 19ರ ಆಸುಪಾಸೋ 16ರ ಆಸುಪಾಸೋ ಬಂದರೆ ನೀವು ಸೆಕೆಂಡ್ ಗೇರಿನಲ್ಲಿದ್ದೀರಿ.

ಹಾಗೇ ಮುಂದಿನ ಶಾಫ್ಟಿನ ಸ್ಪ್ಲೈನ್ (ಶಾಫ್ಟಿನ ಮೇಲೆ ಉದ್ದಕ್ಕೆ ಕೊರೆದ ಹಲ್ಲುಗಳು) ಹತ್ತಿರ ಸುತ್ತ ಕೊರೆದ ಗೀರು ಇದೆಯಾ ನೋಡಿ. ಎರಡು ಗೀರು ಎಂ20, ಒಂದು ಗೀರು ಎಂ21, ಗೀರೇ ಇಲ್ಲದಿದ್ದರೆ ಎಂ22. ಇದು 1966ರಿಂದ ಈಚಿನವಕ್ಕೆ ಹೇಳಿದ ಮಾತು. ಸ್ಪ್ಲೈನ್ ಕೂಡ ಎಣಿಸಿ. ಮುಂದೆ 10, ಹಿಂದೆ 27 ಇರಬೇಕು. ಮುಂದೆ 26, ಹಿಂದೆ 32 ಬಂದರೆ 1971ರ ನಂತರದ ಶಾಫ್ಟುಗಳು. ಆಗ ಕ್ಲಚ್ ಪ್ಲೇಟ್, ಯೋಕ್ (ಹಿಂದಿನ ಶಾಫ್ಟನ್ನು ಡ್ರೈವ್ ಶಾಫ್ಟ್‌ಗೆ ಸೇರಿಸುವ ಭಾಗ) ಎರಡನ್ನೂ ಅದಕ್ಕೆ ಹೊಂದುವ ಹಾಗೆ ತರಬೇಕು.

ಇನ್ನೊಬ್ಬ ಸದಸ್ಯರು: ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನನ್ನ ಶೆವ್ರೊಲೆ ನೋವಾ ಕಾರಿನ ಗೇರ್‌ಬಾಕ್ಸಿನಲ್ಲಿ ಮೂರು ಲಿವರೂ ಪಕ್ಕದ ಕವರಿನ ಮೇಲೇ ಇವೆ. ಇದು ಯಾವ ಮನ್ಸಿ?

ಉತ್ತರ: ಅದು ಮನ್ಸಿ ಅಲ್ಲ, ಸ್ಯಾಗಿನಾ ಅನ್ನುವ ಬೇರೆ ಗೇರ್‌ಬಾಕ್ಸ್. ಮನ್ಸಿಯಲ್ಲಿ ರಿವರ್ಸ್ ಲಿವರ್ ಹಿಂದಿನ ಬಾಲದ ಭಾಗದಲ್ಲಿರುತ್ತದೆ. ಕೇಸಿಗೆ ಮ್ಯಾಗ್ನೆಟ್ ಹಿಡಿದು ನೋಡಿ, ಅಂಟಿಕೊಳ್ಳುತ್ತದೆ. ಸ್ಯಾಗಿನಾ ಕೇಸ್ ಬೀಡು ಕಬ್ಬಿಣ, ಮನ್ಸಿಯದು ಅಲ್ಯೂಮಿನಿಯಂ. ಬೋರ್ಗ್ ವಾರ್ನರ್ ಕಂಪನಿಯ ಟಿ10 ಗೇರ್‌ಬಾಕ್ಸಿನಲ್ಲೂ ರಿವರ್ಸ್ ಹಿಂದೆಯೇ ಇದೆ. ಆದರೆ ಅದರ ಕವರಿಗೆ 9 ಬೋಲ್ಟು, ಮನ್ಸಿಗೆ 7. ಸ್ಯಾಗಿನಾ ಸಣ್ಣ ಎಂಜಿನ್ನಿಗೆ ಚೆನ್ನಾಗಿದೆ. ದೊಡ್ಡ ಎಂಜಿನ್ ಹಿಂದೆ ಕಟ್ಟಬೇಡಿ.

ಪ್ರಶ್ನೆ: ಸರ್, ಹೋಗಿ ಬಂದೆ. ಸ್ಪ್ಲೈನ್ ಮುಂದೆ 10, ಹಿಂದೆ 27. ಆದರೆ ಫಸ್ಟ್ ಗೇರಿನಲ್ಲಿ 25 ಸುತ್ತು ದಾಟಿತು! ಗೀರು ಎರಡಿವೆ. ಅದನ್ನು ತೋರಿಸಿದ ಮೇಲೆ ಅವರೇ ಕವರ್ ಬಿಚ್ಚಿದರು. ಮುಂದಿನ ಶಾಫ್ಟಿನ ಗೇರಿನಲ್ಲಿ 21 ಹಲ್ಲು. ಈಗ ಏನರ್ಥ?

ಉತ್ತರ: ಈಗ ಅದು ಎಂ20. ಎಂ21ರ ಕೇಸಿನಲ್ಲಿ ಯಾರೋ ಎಂ20ರ ಗೇರ್ ಕೂರಿಸಿದ್ದಾರೆ. ಇದು ಕಷ್ಟದ ಕೆಲಸವೇನಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಮುಂದಿನ ಶಾಫ್ಟಿನ ಗೇರ್ ಮತ್ತು ಕೆಳಗಿನ ಕ್ಲಸ್ಟರ್ ಗೇರಿನ (ಒಂದೇ ತುಂಡಿನಲ್ಲಿರುವ ಗೇರುಗಳ ಸಾಲು) ಮುಂಭಾಗದಲ್ಲಿ ಮಾತ್ರ. ಎಂ20ರಲ್ಲಿ ಮೇಲೆ 21 ಹಲ್ಲು, ಕೆಳಗೆ 25. ಎಂ21ರಲ್ಲಿ ಮೇಲೆ 26, ಕೆಳಗೆ 27. ಹಿಂದೆ ಕೂರುವ ಫಸ್ಟ್ ಗೇರಿನ ಜೋಡಿ ಎರಡರಲ್ಲೂ 36ಕ್ಕೆ 17. ನೀವೇ ಲೆಕ್ಕ ಹಾಕಿ. 25ನ್ನು 21ರಿಂದ ಭಾಗಿಸಿ, 36ರಿಂದ ಗುಣಿಸಿ, 17ರಿಂದ ಭಾಗಿಸಿದರೆ 2.52.

ಎಂ22ರಲ್ಲೂ ಹಲ್ಲು 26, 27ಯೇ. ಹಾಗಾಗಿ ಸುತ್ತು ಎಣಿಸಿ ಎಂ21, ಎಂ22 ಬೇರೆ ಮಾಡೋಕೆ ಆಗಲ್ಲ. ಕವರ್ ತೆಗೆದು ಹಲ್ಲಿನ ಓರೆ ನೋಡಬೇಕು. ಎಂ22ರಲ್ಲಿ ಓರೆ ಕಡಿಮೆ, ಹಲ್ಲುಗಳು ಹೆಚ್ಚುಕಡಿಮೆ ನೆಟ್ಟಗಿರುತ್ತವೆ. ಶಾಫ್ಟನ್ನು ಉದ್ದಕ್ಕೆ ತಳ್ಳುವ ಒತ್ತಡ ಇದರಿಂದ ಕಡಿಮೆಯಾಗುತ್ತದೆ, ಆದರೆ ಓಡಿಸುವಾಗ ಗುಂಯ್ ಅನ್ನುತ್ತದೆ. ರಾಕ್ ಕ್ರಷರ್ ಅಂತ ಹೆಸರು ಬಂದಿದ್ದು ಆ ಸದ್ದಿಗೇ. ರೇಸಿನವರಿಗೆ ಅದು ಬೇಕು. ಪೇಟೆಯಲ್ಲಿ ಓಡಿಸೋರು ಹೆಸರಿಗೋಸ್ಕರ ದುಡ್ಡು ಸುರಿಯೋದು ನನಗಂತೂ ಸರಿ ಕಾಣಲ್ಲ.

ನಿಮ್ಮ ಕಾರಿಗೆ ಎಂ20 ಸಿಕ್ಕಿದ್ದೇ ಒಳ್ಳೇದಾಯ್ತು. 2.52ನ್ನು ನಿಮ್ಮ ಆಕ್ಸಲಿನ 3.31ರಿಂದ ಗುಣಿಸಿದರೆ 8.34, ಅದು ಫಸ್ಟ್ ಗೇರಿನ ಒಟ್ಟು ಅನುಪಾತ. ಸಿಗ್ನಲ್‌ನಿಂದ ಆರಾಮಾಗಿ ಎದ್ದು ಹೋಗುತ್ತದೆ. ಎಂ21 ಆಗಿದ್ದರೆ 7.28, ಪ್ರತಿ ಸಲ ಕ್ಲಚ್ ಸವೆಸಿಕೊಂಡೇ ಹೊರಡಬೇಕಿತ್ತು. ಆ ಗೇರ್‌ಬಾಕ್ಸಿಗೆ 3.73 ಅಥವಾ 4.10 ಆಕ್ಸಲ್ ಇದ್ದರೆ ಚೆಂದ.

ಕವರ್ ಬಿಚ್ಚಿದ್ದು ಹಾಗೇ ಇದೆ ಅಲ್ವಾ? ಕ್ಲಸ್ಟರ್ ಗೇರಿನ ಮುಂದಿನ ಸಾಲಿನಲ್ಲಿ ಹಲ್ಲು ಚಕ್ಕೆ ಎದ್ದಿದೆಯಾ ನೋಡಿ. ಸಿಂಕ್ರೊ ರಿಂಗಿನ (ಗೇರ್ ಬೀಳುವ ಮುಂಚೆ ವೇಗ ಹೊಂದಿಸುವ ಬಳೆ) ಒಳಗಿನ ಗೀರುಗಳು ಸವೆದು ನುಣ್ಣಗಾಗಿವೆಯಾ ನೋಡಿ. ಚೆನ್ನಾಗಿದ್ದರೆ ಎಂ20ರ ರೇಟು ಮಾತಾಡಿ ತಗೊಳ್ಳಿ. ಕೇಸ್ ನಂಬರಿಗೂ ಒಳಗಿನ ಗೇರಿಗೂ ತಾಳೆ ಇಲ್ಲದ್ದರಿಂದ ಇನ್ನೊಂದಿಷ್ಟು ಇಳಿಸಿ ಅಂತ ಕೇಳೋಕೂ ಅಡ್ಡಿಯಿಲ್ಲ.